ಬೊನೇರ್‌ನ ಹೌಸ್ ರೀಫ್‌ಗೆ ಗೈಡ್ ಇಲ್ದೆ ನಾವಿಬ್ರೇ ಇಳೀಬಹುದಾ?

ಪ್ರಶ್ನೆ: ನಾನು, ನನ್ನ ಹೆಂಡ್ತಿ ಇಬ್ರೂ ಸ್ಕೂಬಾ ಡೈವಿಂಗ್‌ನ ಓಪನ್ ವಾಟರ್ ಕೋರ್ಸ್ (ಮೊದಲ ಹಂತದ್ದು) ಮಾಡಿದ್ದು ಮುರ್ಡೇಶ್ವರದಲ್ಲಿ, ನೇತ್ರಾಣಿ ದ್ವೀಪಕ್ಕೆ ಹೋಗಿ. ಆಮೇಲೆ ಅಂಡಮಾನ್‌ನಲ್ಲೂ ಕೆಲವು ಡೈವ್ ಆಯ್ತು, ಆದ್ರೆ ಎಲ್ಲಾನೂ ಬೋಟ್‌ನಿಂದಾನೇ, ಮುಂದೆ ಗೈಡ್ ಇದ್ದೇ ಇರ್ತಿದ್ರು. ಈಗ ಅಮೆರಿಕದಲ್ಲಿ ಇದೀವಿ, ಜನವರಿಯಲ್ಲಿ ಒಂದು ವಾರ ಕೆರಿಬಿಯನ್‌ನ ಬೊನೇರ್ ದ್ವೀಪಕ್ಕೆ ಹೋಗೋ ಪ್ಲಾನ್. ರೆಸಾರ್ಟ್ ಪ್ಯಾಕೇಜ್‌ನಲ್ಲಿ ಅನ್‌ಲಿಮಿಟೆಡ್ ಶೋರ್ ಡೈವಿಂಗ್ (ಬೋಟ್ ಇಲ್ದೆ ದಡದಿಂದಾನೇ ಇಳಿಯೋದು), ಹೌಸ್ ರೀಫ್ (ರೆಸಾರ್ಟ್ ಮುಂದೇನೇ ಇರೋ ಹವಳದ ದಿಬ್ಬ) ಇದೆ ಅಂತ ಹಾಕಿದಾರೆ, ಗೈಡ್ ಇಲ್ವಂತೆ. ಇಬ್ರೇ ಇಳಿಯೋದು ಸೇಫಾ? ಏನೇನು ನೋಡ್ಕೋಬೇಕು? ಕಾರ್ ಬಾಡಿಗೆ ತಗೊಂಡು ಬೇರೆ ಬೇರೆ ಸೈಟ್ ಸುತ್ತಬೇಕಾ, ಇಲ್ಲ ಹೌಸ್ ರೀಫೇ ಸಾಕಾ?

ಉತ್ತರ: ಇಳೀಬಹುದು. ಗೈಡ್ ಇಲ್ದೆ ಡೈವ್ ಮಾಡೋದು ಕಲಿಯೋಕೆ ಬೊನೇರ್‌ಗಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಆದ್ರೆ ಒಂದು ಷರತ್ತು ಇದೆ, ಮೊದಲ ಎರಡು ಮೂರು ದಿನ ರೆಸಾರ್ಟ್ ಮುಂದಿನ ಹೌಸ್ ರೀಫ್ ಬಿಟ್ಟು ಎಲ್ಲೂ ಹೋಗ್ಬೇಡಿ, ಅದೇ ಜಾಗಕ್ಕೆ ಮತ್ತೆ ಮತ್ತೆ ಇಳೀರಿ. ಬೇಜಾರಾಗುತ್ತೆ ಅಂತ ಅನಿಸಬಹುದು, ಆಗಲ್ಲ. ಅದು ಯಾಕೆ ಅಂತ ಹೇಳೋಕೇ ಇಷ್ಟು ಉದ್ದ ಬರೀತಿದೀನಿ.

ಮೊದಲು ಆ ದ್ವೀಪ ಹೇಗಿದೆ ಅಂತ ತಲೇಲಿ ಇಟ್ಕೊಳ್ಳಿ, ಉಳಿದಿದ್ದೆಲ್ಲ ಅದರಿಂದಾನೇ ಬರುತ್ತೆ. ಬೊನೇರ್ ಇರೋದು ವೆನೆಜುವೆಲಾ ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದ್ರೆ ನಮ್ಮ ನೇತ್ರಾಣಿಗಿಂತ ಎರಡು ಡಿಗ್ರಿ ಕೆಳಗೆ ಅಷ್ಟೇ. 2010ರ ಅಕ್ಟೋಬರ್ 10ರಿಂದ ಅದು ನೆದರ್ಲೆಂಡ್ಸ್‌ನ ವಿಶೇಷ ಮುನಿಸಿಪಾಲಿಟಿ, ನಡೆಯೋ ದುಡ್ಡು ಮಾತ್ರ ಅಮೆರಿಕನ್ ಡಾಲರ್. ವರ್ಷ ಪೂರ್ತಿ ಪೂರ್ವದಿಂದ ಟ್ರೇಡ್ ವಿಂಡ್ ಬೀಸ್ತಾ ಇರುತ್ತೆ, ಹಂಗಾಗಿ ಪೂರ್ವದ ಕಡೆ ಅಲೆ ಅಬ್ಬರಿಸ್ತಿರುತ್ತೆ, ಪಶ್ಚಿಮದ ಕಡೆ ದ್ವೀಪದ ಮರೆಯಲ್ಲಿ ಸಮುದ್ರ ಕೆರೆ ಆಗಿಬಿಡುತ್ತೆ. ಕ್ರಾಲೆಂಡೈಕ್ ಊರು, ರೆಸಾರ್ಟ್‌ಗಳು, ಹೆಚ್ಚು ಕಮ್ಮಿ ಎಲ್ಲಾ ಶೋರ್ ಡೈವ್ ಸೈಟ್‌ಗಳೂ ಈ ಪಶ್ಚಿಮ ದಡದಲ್ಲೇ ಇರೋದು. ಎದುರಿಗೆ ಕ್ಲೈನ್ ಬೊನೇರ್ ಅಂತ ಇನ್ನೊಂದು ಪುಟ್ಟ ದ್ವೀಪ, ಅಲ್ಲಿ ಯಾರೂ ವಾಸ ಮಾಡಲ್ಲ, ಅದೂ ಒಂದು ಅಡ್ಡಗೋಡೆ ಆಗಿ ನಿಂತಿದೆ. ಮಳೆ ಕಮ್ಮಿ, ನದಿಗಳೇ ಇಲ್ಲ, ಮಣ್ಣು ಕೊಚ್ಚಿ ಬರಲ್ಲ, ಹಂಗಾಗಿ ನೀರು ತಿಳಿ, 20 ಮೀಟರ್ ದೂರ ಕಾಣೋದು ಅಲ್ಲಿ ಮಾಮೂಲಿ ದಿನ. ನೇತ್ರಾಣಿಗೆ ಮಳೆಗಾಲದಲ್ಲಿ ಬೋಟೇ ಹೊರಡಲ್ಲ ಅಲ್ವಾ, ಇಲ್ಲಿ ಆ ಲೆಕ್ಕ ಇಲ್ಲ, ಹರಿಕೇನ್‌ಗಳ ದಾರಿಯಿಂದಾನೂ ದಕ್ಷಿಣಕ್ಕೆ ಇದೆ. ಪೂರ್ತಿ ತಪ್ಪಿಸ್ಕೊಂಡಿದೆ ಅಂತಲ್ಲ, 1999ರ ನವೆಂಬರ್‌ನಲ್ಲಿ ಲೆನ್ನಿ ಅನ್ನೋ ಹರಿಕೇನ್ ಉಲ್ಟಾ, ಪಶ್ಚಿಮದಿಂದ ಪೂರ್ವಕ್ಕೆ ಹೋಯ್ತು, ಅದರ ಅಲೆ ಬಂದು ಬಡಿದಿದ್ದು ಇದೇ ಶಾಂತವಾದ ದಡಕ್ಕೆ, ಆಳ ಕಮ್ಮಿ ಇರೋ ಕಡೆ ಹವಳ ತುಂಬಾ ಮುರಿದುಹೋಯ್ತು.

ಇನ್ನು ರೀಫ್‌ನ ಆಕಾರ. ನಮ್ಮ ಹಳೇ ಮನೆಗಳ ಜಗಲಿ ನೆನಪಿಸ್ಕೊಳ್ಳಿ, ಬಾಗಿಲಿಂದ ಹೊರಗೆ ಬಂದ್ರೆ ಸ್ವಲ್ಪ ದೂರ ಸಮತಟ್ಟು, ಅಂಚು ಬಂದ ತಕ್ಷಣ ಅಂಗಳಕ್ಕೆ ಇಳಿಜಾರು. ಹಂಗೇ ದಡದಿಂದ ಮೂರರಿಂದ ಆರು ಮೀಟರ್ ಆಳದ ಮರಳಿನ ಬಯಲು, ಅಲ್ಲಲ್ಲಿ ಹವಳದ ಗುಂಪು, ಮೃದು ಹವಳಗಳ ಪೊದೆ. ಸುಮಾರು ಹತ್ತು ಮೀಟರ್ ಆಳಕ್ಕೆ ಬಂದಾಗ ಅಂಚು, ಅಲ್ಲಿಂದ ರೀಫ್ ಓರೆಯಾಗಿ ಇಳಿದು 30 ಮೀಟರ್ ಆಚೆ ಮರಳಿಗೆ ಸೇರುತ್ತೆ. ದಡದಿಂದ ಈ ಅಂಚಿಗೆ ಆರಾಮಾಗಿ ಫಿನ್ (ಕಾಲಿಗೆ ಹಾಕೋ ಈಜುರೆಕ್ಕೆ) ಬೀಸ್ಕೊಂಡು ಹೋದ್ರೂ ಕೆಲವೇ ನಿಮಿಷ. ಇಷ್ಟು ಹತ್ತಿರ ಇರೋದ್ರಿಂದಾನೇ ಬೊನೇರ್ ಶೋರ್ ಡೈವಿಂಗ್‌ಗೆ ಹೆಸರಾಗಿರೋದು, ಬೇರೆ ತುಂಬಾ ದ್ವೀಪಗಳಲ್ಲಿ ರೀಫ್ ಮುಟ್ಟೋ ಹೊತ್ತಿಗೆ ಅರ್ಧ ಗಾಳಿ ಮುಗಿದಿರುತ್ತೆ ಇಲ್ಲಾಂದ್ರೆ ಬೋಟ್ ಬೇಕೇ ಬೇಕು.

ಮೊದಲ ದಿನ ಹೋದ ಕೂಡಲೇ ಇಳಿಯೋಕೆ ಬಿಡಲ್ಲ. ದ್ವೀಪದ ಸುತ್ತ ದಡದ ಅಂಚಿಂದ 60 ಮೀಟರ್ ಆಳದವರೆಗಿನ ಸಮುದ್ರ ಪೂರ್ತಿ 1979ರಿಂದ ಬೊನೇರ್ ನ್ಯಾಷನಲ್ ಮರೀನ್ ಪಾರ್ಕ್, ಅದನ್ನ ನೋಡ್ಕೊಳ್ಳೋದು ಸ್ಟಿನಾಪಾ ಅನ್ನೋ ಸಂಸ್ಥೆ. ನೀವು 40 ಡಾಲರ್ ನೇಚರ್ ಫೀ ಕಟ್ಟಬೇಕು (ಆ ಕ್ಯಾಲೆಂಡರ್ ವರ್ಷಕ್ಕೆ ನಡೆಯುತ್ತೆ, ದ್ವೀಪದ ಪ್ರವೇಶ ತೆರಿಗೆ 75 ಡಾಲರ್ ಅದರ ಮೇಲೆ ಬೇರೆ), ಡೈವ್ ಶಾಪ್‌ನಲ್ಲಿ ಓರಿಯೆಂಟೇಶನ್ ಕೇಳ್ಬೇಕು, ಆಮೇಲೆ ಹೌಸ್ ರೀಫ್‌ನಲ್ಲಿ ಒಂದು ಚೆಕ್ ಡೈವ್ ಮಾಡ್ಬೇಕು. ಇದನ್ನ ಫಾರ್ಮಾಲಿಟಿ ಅಂತ ತಿಳ್ಕೊಂಡು ಬೇಗ ಮುಗಿಸೋರೇ ಜಾಸ್ತಿ. ದಯವಿಟ್ಟು ನೀವು ಹಂಗೆ ಮಾಡ್ಬೇಡಿ, ಈ ಚೆಕ್ ಡೈವ್ ನಿಮ್ಮಂಥವರಿಗೇ ಮಾಡಿರೋದು.

ಚೆಕ್ ಡೈವ್‌ನಲ್ಲಿ ಮುಖ್ಯ ಕೆಲಸ ತೂಕ ಸರಿ ಮಾಡ್ಕೊಳ್ಳೋದು. ಅಲ್ಲಿ ಕೊಡೋದು ಅಲ್ಯೂಮಿನಿಯಂ 80 ಅನ್ನೋ ಮಾದರಿಯ ಸಿಲಿಂಡರ್, ತುಂಬಿದಾಗ ಮುಳುಗುತ್ತೆ, ಖಾಲಿ ಆಗ್ತಾ ಆಗ್ತಾ ತೇಲೋಕೆ ಶುರು ಮಾಡುತ್ತೆ, ಯಾಕಂದ್ರೆ ಒಳಗಿನ ಗಾಳಿಯದೇ ಎರಡೂವರೆ ಕೆಜಿ ಹತ್ತಿರ ತೂಕ. ಡೈವ್ ಶುರುವಿನಲ್ಲಿ ಸರಿ ಇದ್ದ ತೂಕ ಕೊನೆಗೆ ಸಾಲಲ್ಲ. ಹಂಗಾಗಿ ಚೆಕ್ ಡೈವ್ ಮುಗಿಯೋ ಹೊತ್ತಲ್ಲಿ, ಸಿಲಿಂಡರ್ 700 ಪಿಎಸ್‌ಐ (ಒಳಗಿನ ಗಾಳಿಯ ಒತ್ತಡದ ಅಳತೆ) ಹತ್ತಿರ ಬಂದಾಗ, ಐದು ಮೀಟರ್ ಆಳದಲ್ಲಿ ಬಿಸಿಡಿ (ತೇಲೋಕೆ ಗಾಳಿ ತುಂಬೋ ಜಾಕೆಟ್) ಪೂರ್ತಿ ಖಾಲಿ ಮಾಡಿ, ಮಾಮೂಲಿ ಉಸಿರಾಡ್ತಾ ಅಲ್ಲೇ ನಿಲ್ಲೋಕೆ ಆಗುತ್ತಾ ನೋಡಿ. ಮೇಲಕ್ಕೆ ಎಳೆದ್ರೆ ಒಂದು ಕೆಜಿ ಸೇರಿಸಿ, ಕೆಳಗೆ ಬೀಳ್ತಿದ್ರೆ ತೆಗೀರಿ. ಗೈಡ್ ಜೊತೆ ಡೈವ್ ಮಾಡಿದವರಿಗೆಲ್ಲ ತೂಕ ಜಾಸ್ತಿ ಹಾಕಿ ಕಳಿಸಿರ್ತಾರೆ, ಬೇಗ ಮುಳುಗಲಿ ಅಂತ. ತೂಕ ಜಾಸ್ತಿ ಆದ್ರೆ ಬಿಸಿಡಿಗೆ ಗಾಳಿ ಜಾಸ್ತಿ ತುಂಬಬೇಕು, ದೇಹ ನೆಟ್ಟಗೆ ನಿಲ್ಲುತ್ತೆ, ಫಿನ್ ಹವಳಕ್ಕೆ ಒದೆಯುತ್ತೆ, ಗಾಳಿನೂ ಬೇಗ ಖರ್ಚು. ಎಲ್ಲಾ ಒಂದರಿಂದ ಇನ್ನೊಂದು ಹುಟ್ಟೋ ತೊಂದರೆಗಳು, ಒಂದು ಗಂಟೆ ಕೂತು ಸರಿ ಮಾಡ್ಕೊಂಡ್ರೆ ವಾರ ಪೂರ್ತಿ ಸುಖ.

ಈಗ ಗಾಳಿ ಲೆಕ್ಕ. ನೇತ್ರಾಣಿಯಲ್ಲಿ ಗೈಡ್ ಬಂದು ಎಷ್ಟಿದೆ ಅಂತ ಕೈಯಲ್ಲಿ ಕೇಳ್ತಿದ್ರು, ಅವರೇ ತಿರುಗಿಸ್ಕೊಂಡು ಬರ್ತಿದ್ರು. ಇಲ್ಲಿ ಆ ಕೆಲಸ ನಿಮ್ಮದು. ಗೇಜ್‌ನ ಒತ್ತಡವನ್ನ ಬಾರ್ ಅನ್ನೋ ಅಳತೆಯಲ್ಲಿ ಓದಿ ಅಭ್ಯಾಸ ಇದ್ರೆ ಮೊದಲೇ ಹೇಳಿಬಿಡ್ತೀನಿ, ಬೊನೇರ್‌ನಲ್ಲಿ ಬಾಡಿಗೆ ಗೇಜ್ ತುಂಬಾ ಕಡೆ ಪಿಎಸ್‌ಐಯಲ್ಲಿ ಇರುತ್ತೆ, ತುಂಬಿದ್ದು ಅಂದ್ರೆ 3000, ಅದು 207 ಬಾರ್. ಹೊಸಬರು ನೀರ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡ್ತಾರೆ ಅಂತ ಇಟ್ಕೊಂಡ್ರೆ, 12 ಮೀಟರ್‌ನಲ್ಲಿ ಒತ್ತಡ 2.2 ಪಟ್ಟು, ಅಲ್ಲಿಗೆ 44 ಲೀಟರ್, ಈ ಸಿಲಿಂಡರ್‌ನಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ 60 ಪಿಎಸ್‌ಐ. 700 ಕೈ ಮುಟ್ಟದ ಮೀಸಲು ಅಂತ ಬಿಟ್ಟರೆ ನಿಮಗೆ ಸಿಗೋದು ಸುಮಾರು 40 ನಿಮಿಷ. ಹೋಗೋಕೆ, ಬರೋಕೆ ಎರಡಕ್ಕೂ ಸೇರಿ. ಹಂಗಾಗಿ ಮೊದಲ ದಿನಗಳಲ್ಲಿ ಒಂದೇ ನಿಯಮ ಇಟ್ಕೊಳ್ಳಿ, ಇಬ್ರಲ್ಲಿ ಯಾರ ಗೇಜ್ ಮೊದಲು 2000ಕ್ಕೆ ಬರುತ್ತೋ ಆ ಕ್ಷಣ ಇಬ್ರೂ ತಿರುಗಬೇಕು, ಎದುರಿಗೆ ಆಮೆ ಇದ್ರೂ ಸರಿ. ವಾಪಸ್ ಬರೋವಾಗ ಆಳ ಕಮ್ಮಿ ಮಾಡ್ಕೊಂಡು ಬನ್ನಿ, ಆರು ಮೀಟರ್‌ನಲ್ಲಿ ಅದೇ ಉಸಿರು ನಿಮಿಷಕ್ಕೆ 42 ಪಿಎಸ್‌ಐ ಅಷ್ಟೇ ತಿನ್ನೋದು, ಜಟ್ಟಿ (ನೀರಿಗೆ ಚಾಚಿರೋ ಕಟ್ಟೆ) ಹತ್ತಿರ ಬಂದಾಗ ಕೈಯಲ್ಲಿ ಗಾಳಿ ಉಳಿದಿರುತ್ತೆ, ಉಳಿದಿದ್ದನ್ನ ಮರಳಿನ ಬಯಲಲ್ಲಿ ಸುತ್ತಾಡ್ತಾ ಖರ್ಚು ಮಾಡಿ. ಸೇಫ್ಟಿ ಸ್ಟಾಪ್ (ಮೇಲೆ ಬರೋ ಮುಂಚೆ ಸ್ವಲ್ಪ ಹೊತ್ತು ನಿಲ್ಲೋದು) ತಾನಾಗೇ ಆಗಿಹೋಗುತ್ತೆ, ಐದು ಮೀಟರ್‌ನಲ್ಲಿ ಮೂರು ನಿಮಿಷ ಅಲ್ಲ, ಇಪ್ಪತ್ತು ನಿಮಿಷ ಕಳೆದಿರ್ತೀರ.

ದಿಕ್ಕು ತಪ್ಪೋ ಭಯ ಎಲ್ರಿಗೂ ಇರುತ್ತೆ, ಆದ್ರೆ ಈ ದಡದಲ್ಲಿ ಅದು ಸುಲಭ. ನೀವು ಪಶ್ಚಿಮ ತೀರದಲ್ಲಿ ಇದೀರ, ದಡ ಯಾವಾಗ್ಲೂ ಪೂರ್ವದ ಕಡೆ. ಉತ್ತರಕ್ಕೆ ಹೋಗ್ತಿದ್ರೆ ರೀಫ್‌ನ ಇಳಿಜಾರು ಬಲಗಡೆ ಇರಬೇಕು, ದಕ್ಷಿಣಕ್ಕೆ ಅಂದ್ರೆ ಎಡಗಡೆ. ಏನೂ ತೋಚದೇ ಹೋದ್ರೆ ಕಂಪಾಸ್ ಪೂರ್ವಕ್ಕೆ ಹಿಡಿದು, ತಳದ ಪಕ್ಕದಲ್ಲೇ ಮೇಲೇರ್ತಾ ಹೋಗಿ, ಎಲ್ಲೋ ಒಂದು ಕಡೆ ದಡ ಸಿಕ್ಕೇ ಸಿಗುತ್ತೆ. ಕಷ್ಟ ಇರೋದು ಅದೇ ಜಟ್ಟಿಗೆ ವಾಪಸ್ ಬರೋದ್ರಲ್ಲಿ. ಹಂಗಾಗಿ ಇಳಿದ ತಕ್ಷಣ ಹೊರಟುಬಿಡ್ಬೇಡಿ, ಅಂಚಿಗೆ ಬಂದ ಜಾಗದಲ್ಲಿ ನಿಂತು ಹಿಂದೆ ತಿರುಗಿ ನೋಡಿ, ವಾಪಸ್ ಬರೋವಾಗ ಕಾಣೋದು ಆ ಮುಖಾನೇ. ಬೋಟ್ ಕಟ್ಟೋ ಬಾಯ್‌ನ (ನೀರ ಮೇಲೆ ತೇಲೋ ಬುರುಡೆ) ಕಾಂಕ್ರೀಟ್ ಬ್ಲಾಕ್, ದೊಡ್ಡ ಹವಳದ ಗುಡ್ಡೆ, ಏನಾದ್ರೂ ಒಂದು ಗುರುತು ಹಿಡ್ಕೊಳ್ಳಿ, ಅದರ ಆಳ ಎಷ್ಟು ಅಂತ ಡೈವ್ ಕಂಪ್ಯೂಟರ್‌ನಲ್ಲಿ (ಆಳ, ಸಮಯ ತೋರಿಸೋ ಪುಟ್ಟ ಸಾಧನ) ನೋಡಿ ನೆನಪಿಟ್ಕೊಳ್ಳಿ. ಆಳ ಗೊತ್ತಿದ್ರೆ ಅರ್ಧ ಕೆಲಸ ಆದಂಗೆ, ಬರೋವಾಗ ಅದೇ ಆಳದ ಗೆರೆ ಹಿಡ್ಕೊಂಡು ಬಂದ್ರೆ ಗುರುತು ಎದುರಿಗೇ ಬರುತ್ತೆ. ಕೆಲವು ರೆಸಾರ್ಟ್‌ಗಳಲ್ಲಿ ಜಟ್ಟಿಯಿಂದ ಅಂಚಿನವರೆಗೆ ತಳದಲ್ಲಿ ಹಗ್ಗ ಹಾಸಿರ್ತಾರೆ, ಇದ್ರೆ ಓರಿಯೆಂಟೇಶನ್‌ನಲ್ಲೇ ಕೇಳಿ ತಿಳ್ಕೊಳ್ಳಿ.

ಕರೆಂಟ್, ಅಂದ್ರೆ ನೀರಿನ ಸೆಳೆತ, ಸಾಮಾನ್ಯವಾಗಿ ಮೆಲ್ಲಗೆ ಇರುತ್ತೆ, ಆದ್ರೆ ಇವತ್ತು ಉತ್ತರಕ್ಕೆ, ನಾಳೆ ದಕ್ಷಿಣಕ್ಕೆ ಹೋಗಬಹುದು. ನೀರಿಗೆ ಇಳಿಯೋ ಮುಂಚೆ ಬಾಯ್‌ನ ಹಗ್ಗ ಯಾವ ಕಡೆ ಎಳೆದಿದೆ ನೋಡಿ, ಕೆಳಗೆ ಹೋದ್ಮೇಲೆ ಮೃದು ಹವಳಗಳ ಗರಿ ಯಾವ ಕಡೆ ಬಾಗಿದೆ ನೋಡಿ. ಹೋಗೋವಾಗ ಕರೆಂಟ್‌ಗೆ ಎದುರಾಗಿ ಹೋಗ್ಬೇಕು, ಸುಸ್ತಾಗಿ ವಾಪಸ್ ಬರೋವಾಗ ಅದೇ ತಳ್ಕೊಂಡು ಬರುತ್ತೆ.

ಇದಕ್ಕಿಂತ ಜಾಸ್ತಿ ನಾನು ಒತ್ತಿ ಹೇಳೋದು ಗಾಳಿ ಬಗ್ಗೆ, ಬೀಸೋ ಗಾಳಿ. ಈ ದಡದಲ್ಲಿ ಅದು ಭೂಮಿಯಿಂದ ಸಮುದ್ರದ ಕಡೆ ಬೀಸುತ್ತೆ, ಜನವರಿಯಲ್ಲಿ ಜೋರಾಗೇ ಇರುತ್ತೆ. ದಡದ ಹತ್ತಿರ ನೀರು ಅಲುಗಾಡದೇ ಇರೋದ್ರಿಂದ ಅದು ಗೊತ್ತೇ ಆಗಲ್ಲ, ಆದ್ರೆ ದೂರದಲ್ಲಿ ಮೇಲೆ ಬಂದು ತೇಲ್ತಾ ಕೂತವರನ್ನ ಅದು ಮೆಲ್ಲಗೆ ಆಚೆಗೆ, ಕ್ಲೈನ್ ಬೊನೇರ್ ಕಡೆಗೆ ತಳ್ತಾ ಹೋಗುತ್ತೆ. ಬಿಸಿಡಿ ಉಬ್ಬಿಸ್ಕೊಂಡು ಎದುರುಗಾಳಿಗೆ ಈಜೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು, ಮಂಡಿ ನೋವು, ಉಸಿರು ಮೇಲೆ ಕೆಳಗೆ, ಗಾಬರಿ ಶುರುವಾಗೋದೇ ಅಲ್ಲಿ. ಒಂದು ಜೋಡಿ ಹಂಗೆ ಗಾಳಿ ಮುಗಿಸ್ಕೊಂಡು ದೂರದಲ್ಲಿ ಎದ್ದು, ಕೊನೆಗೆ ಹೋಗ್ತಿದ್ದ ಬೋಟ್ ಒಂದು ಎತ್ತಿಕೊಂಡು ಬಂದಿದ್ದನ್ನ ದಡದಲ್ಲಿ ನಿಂತು ನೋಡಿದೀನಿ, ಅವರು ಒಳ್ಳೆ ಈಜುಗಾರರೇ. ಹಂಗಾಗಿ ವಾಪಸ್ ಬರೋದು ನೀರೊಳಗಿಂದಾನೇ, ತಳದ ಮೇಲೆ, ಏಣಿ ಕಾಲಬುಡದವರೆಗೂ. ಇನ್ನೊಂದು ಕಾರಣ ಬೋಟ್‌ಗಳು. ಹೌಸ್ ರೀಫ್ ಅಂದ್ರೆ ಡೈವ್ ಬೋಟ್‌ಗಳು ಬಂದು ಹೋಗೋ ದಾರಿ, ಮಧ್ಯ ನೀರಲ್ಲಿ ತಲೆ ಎತ್ತಬಾರದು. ತುರ್ತು ಬಂದು ಎದ್ದೇಳಲೇಬೇಕು ಅಂದ್ರೆ ಕೆಳಗಿಂದಾನೇ ಎಸ್‌ಎಂಬಿ (ಮೇಲೆ ತೇಲಿ ನೀವೆಲ್ಲಿದೀರ ಅಂತ ತೋರಿಸೋ ಉದ್ದ ಬಲೂನು) ಬಿಡಿ, ಇಬ್ರ ಹತ್ರಾನೂ ಒಂದೊಂದು ಇರಲಿ, ಚೆಕ್ ಡೈವ್‌ನಲ್ಲೇ ಒಂದು ಸಲ ಬಿಟ್ಟು ನೋಡಿ.

ಇಬ್ರು ಬೇರೆ ಬೇರೆ ಆದ್ರೆ? ಒಂದು ನಿಮಿಷ ಸುತ್ತ ನೋಡೋದು, ಕಾಣ್ಲಿಲ್ಲ ಅಂದ್ರೆ ನಿಧಾನಕ್ಕೆ ಮೇಲೆ ಬರೋದು, ಇದು ಕೋರ್ಸ್‌ನಲ್ಲೇ ಕಲಿತಿರ್ತೀರ. ಬೋಟ್ ಡೈವ್‌ಗೂ ಇದಕ್ಕೂ ಇರೋ ವ್ಯತ್ಯಾಸ ಏನಂದ್ರೆ ಇಲ್ಲಿ ಯಾರೂ ತಲೆ ಎಣಿಸಲ್ಲ. ಬೆಳಗಿಂದ ರಾತ್ರಿವರೆಗೆ ಸಿಲಿಂಡರ್ ತಗೊಂಡು ಹೋಗ್ತಿರಬಹುದು, ಡೈವ್ ಶಾಪ್ ಮುಚ್ಚಿದ್ಮೇಲೂ, ನೀವು ಇಳಿದಿದ್ದು ಯಾರಿಗೂ ಗೊತ್ತೇ ಇರಲ್ಲ. ಪಕ್ಕದ ರೂಮಿನವರಿಗೋ, ಜಟ್ಟಿ ಮೇಲೆ ಕೂತವರಿಗೋ ಎಷ್ಟೊತ್ತಿಗೆ ವಾಪಸ್ ಬರ್ತೀವಿ ಅಂತ ಹೇಳಿ ಇಳೀರಿ.

ನೀರಿಗೆ ಇಳಿಯೋದು ಹೌಸ್ ರೀಫ್‌ನಲ್ಲಿ ಏನೂ ಕಷ್ಟ ಇಲ್ಲ, ಜಟ್ಟಿ ತುದಿಯಿಂದ ಒಂದು ದೊಡ್ಡ ಹೆಜ್ಜೆ, ಇಲ್ಲಾಂದ್ರೆ ಏಣಿ. ಬೇರೆ ಸೈಟ್‌ಗಳಲ್ಲಿ ಹಂಗಲ್ಲ, ಸತ್ತ ಹವಳದ ಉರುಟು ತುಂಡು, ಚೂಪು ಸುಣ್ಣದಕಲ್ಲು, ಸಂದಿಯಲ್ಲಿ ಸೀ ಅರ್ಚಿನ್ (ಮೈಯೆಲ್ಲ ಮುಳ್ಳಿರೋ ಜೀವಿ). ಗಟ್ಟಿ ಅಡಿಯ ಬೂಟಿ, ಹಿಂದೆ ಪಟ್ಟಿ ಇರೋ ಫಿನ್ ತಗೊಂಡು ಹೋಗಿ, ಬರಿಗಾಲಿಗೆ ಹಾಕೋ ಫಿನ್ ಅಲ್ಲಿ ಪ್ರಯೋಜನ ಇಲ್ಲ. ಉಸಿರಾಡೋ ರೆಗ್ಯುಲೇಟರ್ ಬಾಯಲ್ಲಿ, ಬಿಸಿಡಿ ಅರ್ಧ ಉಬ್ಬಿಸಿ, ಇಬ್ರೂ ಕೈ ಹಿಡ್ಕೊಂಡು ಕಾಲು ಎಳೆದು ಎಳೆದು ಸೊಂಟದ ನೀರಿಗೆ ಬಂದ್ಮೇಲೆ ಫಿನ್ ಹಾಕ್ಕೊಳ್ಳಿ.

ಈಗ ನಿಮ್ಮ ಇನ್ನೊಂದು ಪ್ರಶ್ನೆ, ಹೌಸ್ ರೀಫೇ ಸಾಕಾ ಅನ್ನೋದು. ಒಂದು ಉದಾಹರಣೆ ಕೊಡ್ತೀನಿ. ಕ್ರಾಲೆಂಡೈಕ್‌ನ ಉತ್ತರಕ್ಕೆ ಬಾರಿ ರೀಫ್ ಅಂತ ಇದೆ, ಅದು ಒಂದು ರೆಸಾರ್ಟ್‌ನ ಹೌಸ್ ರೀಫೇ. ಆ ಒಂದೇ ಸೈಟ್‌ನಲ್ಲಿ 300ಕ್ಕೂ ಹೆಚ್ಚು ಜಾತಿ ಮೀನು ದಾಖಲಾಗಿದೆ, ಇಡೀ ಕೆರಿಬಿಯನ್‌ನಲ್ಲೇ ಅತಿ ಹೆಚ್ಚು ಜಾತಿ ಲೆಕ್ಕ ಸಿಕ್ಕಿರೋ ಜಾಗಗಳಲ್ಲಿ ಅದೂ ಒಂದು. ಅಷ್ಟು ಸಿಕ್ಕಿದ್ದು ಹೇಗೆ? ಆ ಜಾಗ ಚೆನ್ನಾಗಿದೆ ನಿಜ, ಆದ್ರೆ ಮುಖ್ಯವಾಗಿ ಜನ ಅಲ್ಲಿಗೆ ದಿನಾ ಇಳಿದು ನೋಡಿದ್ರು. ಮೊದಲ ಡೈವ್‌ನಲ್ಲಿ ನಿಮಗೆ ಕಾಣೋದು ದೊಡ್ಡ ಮೀನು, ಬಣ್ಣದ ಮೀನು ಅಷ್ಟೇ. ಜೋಡಿ ಜೋಡಿಯಾಗಿ ಹೋಗೋ ಫ್ರೆಂಚ್ ಏಂಜಲ್‌ಫಿಶ್, ಹವಳದ ಬಂಡೆ ಕೊಕ್ಕಲ್ಲಿ ಕೆರೆದು ಕೆರೆದು ಮರಳು ಮಾಡಿ ಹಿಂದಿನಿಂದ ಬಿಡೋ ಪ್ಯಾರಟ್‌ಫಿಶ್, ಅದರ ಹಲ್ಲಿನ ಶಬ್ದ ನೀರಲ್ಲಿ ಚೆನ್ನಾಗಿ ಕೇಳುತ್ತೆ. ಎರಡನೇ ಸಲ ಅದೇ ಜಾಗಕ್ಕೆ ಹೋದಾಗ ಮೃದು ಹವಳದ ಕಡ್ಡಿಗಳ ಮಧ್ಯ ತಲೆ ಕೆಳಗೆ ಮಾಡಿ ಕಡ್ಡಿ ಥರಾನೇ ನಿಂತಿರೋ ಟ್ರಂಪೆಟ್‌ಫಿಶ್ ಕಣ್ಣಿಗೆ ಬೀಳುತ್ತೆ. ಮೂರನೇ ಸಲ ಅನಿಮೋನಿ ಹತ್ತಿರ ಪಾರದರ್ಶಕ ಮೈ, ನೇರಳೆ ಚುಕ್ಕಿಯ ಪುಟ್ಟ ಪೆಡರ್ಸನ್ ಸಿಗಡಿ, ಮೀಸೆ ಅಲ್ಲಾಡಿಸ್ತಾ ಮೀನುಗಳನ್ನ ಕ್ಲೀನ್ ಮಾಡೋಕೆ ಕರೀತಿರುತ್ತೆ. ಮರಳಿನ ಬಯಲನ್ನ ಎಲ್ರೂ ದಾಟ್ಕೊಂಡು ಹೋಗಿಬಿಡ್ತಾರೆ, ನನಗೆ ಅದೇ ತುಂಬಾ ಇಷ್ಟದ ಜಾಗ. ಅಲ್ಲಿ ಯೆಲ್ಲೋಹೆಡ್ ಜಾಫಿಶ್ ತನ್ನ ಬಿಲದ ಮೇಲೆ ನೆಟ್ಟಗೆ ತೇಲ್ತಿರುತ್ತೆ, ಹತ್ತಿರ ಹೋದ್ರೆ ಬಾಲ ಮೊದಲು ಮಾಡಿ ಒಳಗೆ ಸರಿಯುತ್ತೆ, ನೀವು ಒಂದೂವರೆ ಎರಡು ಮೀಟರ್ ದೂರ ಅಲ್ಲಾಡದೇ ಮಲಗಿದ್ರೆ ಮತ್ತೆ ಬರುತ್ತೆ. ಮೊಟ್ಟೆ ಕಾಯೋದು ಗಂಡು, ಬಾಯೊಳಗೇ ಇಟ್ಕೊಂಡು, ಆಗಾಗ ಹೊರಗೆ ಉಗುಳಿ ಉರುಳಿಸಿ ಮತ್ತೆ ಒಳಗೆ ತಗೊಳ್ಳುತ್ತೆ, ಮೊಟ್ಟೆಗೆ ಗಾಳಿ ಸಿಗಲಿ ಅಂತ. ಇದನ್ನ ನೋಡೋಕೆ ಐದು ಮೀಟರ್ ಆಳ ಸಾಕು, ಬೇಕಿರೋದು ಸಮಯ, ನಾಳೆ ಮತ್ತೆ ಅದೇ ಬಿಲದ ಹತ್ತಿರ ಬರೋಕೆ ಆಗ್ಬೇಕು. ಬೋಟ್ ಡೈವ್‌ನಲ್ಲಿ ಇದು ಸಾಧ್ಯ ಇಲ್ಲ, ಗೈಡ್ ಮುಂದೆ ಹೋಗ್ತಿರ್ತಾರೆ, ಹಿಂದೆ ಹತ್ತು ಜನ.

ರಾತ್ರಿ ಡೈವ್ ಮಾಡ್ಬೇಕು ಅಂದ್ರೂ ಹೌಸ್ ರೀಫೇ ಮೊದಲು. ಹಗಲು ಮೂರು ನಾಲ್ಕು ಸಲ ನೋಡಿದ ಜಾಗ, ದಾರಿ ಕಾಲಿಗೆ ಗೊತ್ತು, ಜಟ್ಟಿ ಲೈಟ್ ಕಾಣ್ತಿರುತ್ತೆ. ಸೂರ್ಯ ಮುಳುಗೋ ಹೊತ್ತಿಗೆ ಇಳಿದು ಕತ್ತಲಾಗೋದನ್ನ ಒಳಗಿಂದಾನೇ ನೋಡಿ. ಒಬ್ಬೊಬ್ರಿಗೂ ಎರಡೆರಡು ಟಾರ್ಚ್ ಬೇಕು, ರಾಸಾಯನಿಕ ಲೈಟ್ ಸ್ಟಿಕ್ ಪಾರ್ಕ್‌ನಲ್ಲಿ ನಿಷೇಧ. ಎತ್ತರದ ಮನುಷ್ಯನಷ್ಟು ಉದ್ದದ ಟಾರ್ಪನ್ ಮೀನು ಪಕ್ಕದಲ್ಲೇ ಸರ್ರನೆ ಹಾದುಹೋಗುತ್ತೆ, ಮೊದಲ ಸಲ ಎದೆ ಝಲ್ ಅನ್ನುತ್ತೆ, ಅದು ಬಂದಿರೋದು ನಿಮ್ಮ ಟಾರ್ಚ್ ಬೆಳಕಲ್ಲಿ ಬೇಟೆ ಆಡೋಕೆ. ಅದಕ್ಕೇ ನಿದ್ದೆ ಮಾಡ್ತಿರೋ ಮೀನಿನ ಮೇಲೆ ಬೆಳಕು ಹಿಡಿದು ನಿಲ್ಲಬಾರದು, ನೀವು ತೋರಿಸಿದ್ದನ್ನ ಟಾರ್ಪನ್ ನುಂಗುತ್ತೆ.

ನಿಮ್ಮ ವಾರದಲ್ಲಿ ಹುಣ್ಣಿಮೆ ಬರುತ್ತಾ ಅಂತ ಕ್ಯಾಲೆಂಡರ್ ನೋಡಿ. ಹುಣ್ಣಿಮೆ ಆಗಿ ಎರಡರಿಂದ ಐದು ದಿನದೊಳಗೆ, ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಆದ್ಮೇಲೆ, ಚಂದ್ರ ಇನ್ನೂ ಹುಟ್ಟದ ಕತ್ತಲಲ್ಲಿ ಆಸ್ಟ್ರಕಾಡ್ ಅನ್ನೋ ಎಳ್ಳುಕಾಳಿಗಿಂತ ಚಿಕ್ಕ ಜೀವಿಗಳ ಗಂಡುಗಳು ಹೆಣ್ಣನ್ನ ಕರೆಯೋಕೆ ಬೆಳಕಿನ ಚುಕ್ಕಿ ಬಿಡ್ತಾ ಮೇಲೇರ್ತಾವೆ. ದಿನಾ ಚಂದ್ರ ಹತ್ತಿರ ಹತ್ತಿರ 50 ನಿಮಿಷ ತಡವಾಗಿ ಹುಟ್ಟೋದ್ರಿಂದ ಆ ದಿನಗಳಲ್ಲೇ ಬೇಕಾದಷ್ಟು ಕತ್ತಲೆ ಸಿಗೋದು. ಮೃದು ಹವಳ ಇರೋ ಕಮ್ಮಿ ಆಳದ ಜಾಗದಲ್ಲಿ ಟಾರ್ಚ್ ಆರಿಸಿ ಕಾಯಬೇಕು, ಸಾಲು ಸಾಲು ನೀಲಿ ಚುಕ್ಕಿ ಎಲ್ಲಾ ಕಡೆ. ಬೇರೆ ಸೈಟ್‌ಗೆ ಕಾರಲ್ಲಿ ಹೋಗಿ ಕತ್ತಲಲ್ಲಿ ಕಲ್ಲಿನ ಮೇಲೆ ಇಳಿಯೋ ಬದಲು ಇದನ್ನ ಜಟ್ಟಿ ಪಕ್ಕದಲ್ಲೇ ನೋಡಬಹುದು.

ಲಯನ್‌ಫಿಶ್ ಬಗ್ಗೆ ಒಂದು ಮಾತು. ಅದು ನಮ್ಮ ಕಡೆ ಸಮುದ್ರದ್ದೇ ಮೀನು, ಹಿಂದೂ ಮಹಾಸಾಗರದಲ್ಲಿ ಅದನ್ನ ಹಿಡಿದು ತಿನ್ನೋ ಜೀವಿಗಳೂ ಇದಾವೆ, ಅಲ್ಲಿ ಕಂಡಾಗ ಖುಷಿಪಟ್ಟಿರ್ತೀರ. ಕೆರಿಬಿಯನ್‌ಗೆ ಅದು ಹೊರಗಿಂದ ಬಂದಿದ್ದು, ಬೊನೇರ್‌ನಲ್ಲಿ ಮೊದಲು ಕಂಡಿದ್ದು 2009ರ ಅಕ್ಟೋಬರ್‌ನಲ್ಲಿ, ಇಲ್ಲಿನ ಮರಿಮೀನುಗಳಿಗೆ ಅದರಿಂದ ತಪ್ಪಿಸ್ಕೊಳ್ಳೋದೇ ಗೊತ್ತಿಲ್ಲ. ತರಬೇತಿ ಪಡೆದ ಡೈವರ್‌ಗಳು ಪಾರ್ಕ್ ಅನುಮತಿಯ ಸಣ್ಣ ಈಟಿ ಇಟ್ಕೊಂಡು ಹಿಡೀತಾರೆ, ನೀವು ಕೈ ಹಾಕ್ಬೇಡಿ, ಬೆನ್ನಿನ ಮುಳ್ಳಲ್ಲಿ ವಿಷ ಇದೆ.

ರೀಫ್‌ನ ಸ್ಥಿತಿ ಬಗ್ಗೆ ಮುಚ್ಚಿಡದೇ ಹೇಳ್ಬೇಕು, ಹಳೇ ಫೋಟೋ ನೋಡ್ಕೊಂಡು ಹೋಗ್ಬೇಡಿ. ಬೊನೇರ್‌ನಲ್ಲಿ ಸಮುದ್ರ ಕಾಯೋ ಕೆಲಸ ತುಂಬಾ ಹಿಂದೇನೇ ಶುರುವಾಯ್ತು, 1971ರಲ್ಲೇ ಈಟಿ ಬೇಟೆ ನಿಂತುಹೋಯ್ತು, 1975ರಲ್ಲಿ ಹವಳ ಕೀಳೋದೂ ನಿಂತಿತು. 1962ರಲ್ಲಿ ಹಾಯಿ ಹಡಗಲ್ಲಿ ಬಂದಿಳಿದ ಕ್ಯಾಪ್ಟನ್ ಡಾನ್ ಸ್ಟುವರ್ಟ್ ಅನ್ನೋ ಅಮೆರಿಕನ್ನು ಇಲ್ಲಿ ಡೈವಿಂಗ್ ಉದ್ಯಮ ಕಟ್ಟಿದವರು, ರೀಫ್ ಮೇಲೆ ಲಂಗರು ಹಾಕೋದು ತಪ್ಪಲಿ ಅಂತ ಬಾಯ್ ಕಟ್ಟೋ ಪದ್ಧತಿಗೆ ಹೋರಾಡಿದವರೂ ಅವರೇ. ಇಷ್ಟೆಲ್ಲ ಇದ್ರೂ 2023ರಲ್ಲಿ ಸ್ಟೋನಿ ಕೋರಲ್ ಟಿಶ್ಯೂ ಲಾಸ್ ಅನ್ನೋ ರೋಗ ಬಂತು, ಇಪ್ಪತ್ತಕ್ಕೂ ಹೆಚ್ಚು ಜಾತಿಯ ಗಟ್ಟಿ ಹವಳಕ್ಕೆ ಹತ್ತುತ್ತೆ, ನೂರಾರು ವರ್ಷ ಬೆಳೆದ ಬ್ರೇನ್ ಕೋರಲ್ ವಾರಗಳಲ್ಲಿ, ತಿಂಗಳುಗಳಲ್ಲಿ ಬೋಳು ಸುಣ್ಣ ಆಗಿಬಿಡುತ್ತೆ. ಅದರ ಮೇಲೆ 2023, 2024 ಎರಡೂ ವರ್ಷ ನೀರು ಬಿಸಿಯಾಗಿ ಹವಳ ಬಿಳಿಚಿಕೊಂಡಿತು. ನೀವು ಬಿಳಿ ಗುಡ್ಡೆಗಳನ್ನ ನೋಡ್ತೀರ, ನೋಡಿದಾಗ ಸಂಕಟ ಆಗುತ್ತೆ. ಈ ರೋಗ ನೀರಲ್ಲೇ ಹರಡುತ್ತೆ, ಡೈವ್ ಸಾಮಾನಿನ ಜೊತೆ ಒಂದು ಕಡೆಯಿಂದ ಇನ್ನೊಂದು ಕಡೆಗೂ ಹೋಗುತ್ತೆ, ಹಂಗಾಗಿ ಸೈಟ್ ಬದಲಾಯಿಸೋ ಮುಂಚೆ ಸಾಮಾನನ್ನ ಡೈವ್ ಶಾಪ್‌ನ ಸೋಂಕುನಾಶಕ ತೊಟ್ಟಿಯಲ್ಲಿ ಅದ್ದಿ ತೊಳೀಲೇಬೇಕು, ಹಿಂದಿನ ಟ್ರಿಪ್‌ನಿಂದ ತರೋ ಸಾಮಾನು ಒಣಗಿ, ಶುಚಿಯಾಗಿರಬೇಕು. ಗ್ಲೌಸ್ ಹಾಕೋ ಹಂಗಿಲ್ಲ, ಗ್ಲೌಸ್ ಇದ್ರೆ ಕೈ ತಾನಾಗೇ ಹವಳ ಹಿಡಿಯುತ್ತೆ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರೋ ಸನ್‌ಸ್ಕ್ರೀನ್ 2021ರಿಂದ ದ್ವೀಪದಲ್ಲಿ ನಿಷೇಧ, ಬಾಟಲಿ ಹಿಂದೆ ಓದಿ ತಗೊಳ್ಳಿ, ಉದ್ದ ತೋಳಿನ ಬಟ್ಟೆ ಅದಕ್ಕಿಂತ ಒಳ್ಳೇದು. ಇನ್ನೊಂದು ಕಡೆ, ಮುರಿದುಹೋದ ಎಲ್ಕ್‌ಹಾರ್ನ್, ಸ್ಟ್ಯಾಗ್‌ಹಾರ್ನ್ ಹವಳವನ್ನ ನೀರೊಳಗೆ ಮರದಾಕಾರದ ಚೌಕಟ್ಟಿಗೆ ನೇತುಹಾಕಿ ಬೆಳೆಸಿ ಮತ್ತೆ ನೆಡೋ ಕೆಲಸ ರೀಫ್ ರಿನ್ಯೂವಲ್ ಫೌಂಡೇಶನ್ ಮಾಡ್ತಿದೆ, ಕೆಲವು ರೆಸಾರ್ಟ್‌ಗಳ ಮುಂದೇನೇ ಆ ನರ್ಸರಿ ಇದೆ, ದೂರದಿಂದ ನೋಡಿ ಬನ್ನಿ.

ಅನ್‌ಲಿಮಿಟೆಡ್ ಅಂತ ಬರೆದಿದೆ ಅಂತ ದಿನಕ್ಕೆ ಐದು ಡೈವ್ ಮಾಡೋಕೆ ಹೋಗ್ಬೇಡಿ. ನೈಟ್ರೋಜನ್ ಮೈಯಲ್ಲಿ ಸೇರ್ತಾ ಹೋಗುತ್ತೆ, ದಿನಕ್ಕೆ ಎರಡು ಮೂರು ಸಾಕು, ಮಧ್ಯ ಒಂದು ಗಂಟೆಗಿಂತ ಜಾಸ್ತಿ ಬಿಡುವು, ಒಬ್ಬೊಬ್ರಿಗೂ ಪ್ರತ್ಯೇಕ ಡೈವ್ ಕಂಪ್ಯೂಟರ್, ಅದನ್ನ ಅದಲು ಬದಲು ಮಾಡ್ಕೊಳ್ಳಬೇಡಿ. ನಿಮ್ಮ ಓಪನ್ ವಾಟರ್ ಮಿತಿ 18 ಮೀಟರ್, ಅದರ ಕೆಳಗೆ ನಿಮಗೆ ಬೇಕಾದದ್ದೇನೂ ಇಲ್ಲ, ಬೆಳಕು, ಮೀನು, ಬಣ್ಣ ಎಲ್ಲಾ 15ರ ಮೇಲೇನೇ. ಅಲ್ಲಿ ನೈಟ್ರಾಕ್ಸ್ (ಆಕ್ಸಿಜನ್ ಜಾಸ್ತಿ, ನೈಟ್ರೋಜನ್ ಕಮ್ಮಿ ಇರೋ ಗಾಳಿ) ಕೋರ್ಸ್ ಮಾಡ್ಕೊಂಡ್ರೆ ಒಳ್ಳೇದು, ತುಂಬಾ ರೆಸಾರ್ಟ್‌ಗಳಲ್ಲಿ ನೈಟ್ರಾಕ್ಸ್‌ಗೆ ಬೇರೆ ದುಡ್ಡಿಲ್ಲ, ಆದ್ರೆ ಪ್ರತಿ ಸಿಲಿಂಡರ್ ನೀವೇ ಅನಲೈಸರ್ ಹಿಡಿದು ಅಳೆಯಬೇಕು, ಆಕ್ಸಿಜನ್ 32 ಪರ್ಸೆಂಟ್ ಇದ್ರೆ 34 ಮೀಟರ್ ಕೆಳಗೆ ಅದು ವಿಷ. ಜನವರಿಯಲ್ಲಿ ನೀರು 26 ಡಿಗ್ರಿ ಹತ್ತಿರ, ಮೊದಲ ಡೈವ್‌ನಲ್ಲಿ ಬೆಚ್ಚಗೆ ಅನಿಸುತ್ತೆ, ಮೂರನೇದರಲ್ಲಿ ಮೈ ನಡುಗುತ್ತೆ, 3 ಮಿಲಿಮೀಟರ್‌ನ ಪೂರ್ತಿ ಸೂಟ್ ಇರಲಿ. ಪ್ರತಿ ಡೈವ್ ಆದ್ಮೇಲೆ ಕಿವಿಗೆ ಸಿಹಿನೀರು ಹಾಕಿ ತೊಳೆದು ಒರೆಸ್ಕೊಳ್ಳಿ, ಅರ್ಧ ಜನರ ರಜೆ ಹಾಳಾಗೋದು ಕಿವಿ ನೋವಿಂದ. ಕ್ರಾಲೆಂಡೈಕ್ ಆಸ್ಪತ್ರೆಯಲ್ಲಿ ರಿಕಂಪ್ರೆಶನ್ ಚೇಂಬರ್ (ನೈಟ್ರೋಜನ್‌ನಿಂದ ತೊಂದರೆ ಆದ ಡೈವರ್‌ಗೆ ಚಿಕಿತ್ಸೆ ಕೊಡೋ ಒತ್ತಡದ ಕೋಣೆ) ಇದೆ, ಆದ್ರೂ ಡೈವ್ ಇನ್ಶೂರೆನ್ಸ್ ಇಲ್ದೆ ಹೋಗ್ಬೇಡಿ.

ಕಾರ್ ನಾಲ್ಕನೇ ದಿನದಿಂದ ತಗೊಳ್ಳಿ, ಅಲ್ಲಿ ಎಲ್ರೂ ಪಿಕಪ್ ಟ್ರಕ್ಕೇ ತಗೊಳ್ಳೋದು. ರಸ್ತೆ ಪಕ್ಕ ಹಳದಿ ಬಣ್ಣ ಹಚ್ಚಿದ ಕಲ್ಲಿನ ಮೇಲೆ ಸೈಟ್ ಹೆಸರು ಬರೆದಿರ್ತಾರೆ, ದಡದಿಂದ ಇಳಿಯೋಕೆ ಆಗೋವು 50ಕ್ಕೂ ಹೆಚ್ಚಿದಾವೆ. ಮೊದಲು ವಿಂಡ್‌ಸಾಕ್, ಬ್ಯಾಚಲರ್ಸ್ ಬೀಚ್ ಥರ ಸುಲಭದ ಕಡೆ ಹೋಗಿ. ಆಮೇಲೆ ಸಾಲ್ಟ್ ಪಿಯರ್, ಉಪ್ಪು ಹಡಗಿಗೆ ತುಂಬೋ ಕಟ್ಟೆಯ ಕಂಬಗಳ ಮಧ್ಯ ಈಜೋದು, ಹಡಗು ನಿಂತಿದ್ದಾಗ ಬಿಡಲ್ಲ, ಕೇಳ್ಕೊಂಡು ಹೋಗಿ. ಥೌಸಂಡ್ ಸ್ಟೆಪ್ಸ್‌ನಲ್ಲಿ ಮೆಟ್ಟಿಲು ಸಾವಿರ ಏನಿಲ್ಲ, ನೂರರ ಒಳಗೇ, ಸಿಲಿಂಡರ್ ಹೊತ್ಕೊಂಡು ಹತ್ತೋವಾಗ ಸಾವಿರ ಅನಿಸುತ್ತೆ, ಮಂಡಿ ಗಟ್ಟಿ ಇದ್ರೆ ಹೋಗಿ. ಎಲ್ರೂ ಹೇಳೋ ಹಿಲ್ಮಾ ಹೂಕರ್, 1984ರ ಸೆಪ್ಟೆಂಬರ್‌ನಲ್ಲಿ ಮುಳುಗಿದ 70 ಮೀಟರ್ ಚಿಲ್ಲರೆ ಉದ್ದದ ಹಡಗು, ಅದು ಮಲಗಿರೋದು 30 ಮೀಟರ್ ಹತ್ತಿರ, ಅಡ್ವಾನ್ಸ್ಡ್ ಕೋರ್ಸ್ ಆಗೋವರೆಗೆ ಬೇಡ. ಟ್ರಕ್ ನಿಲ್ಲಿಸಿ ಇಳಿಯೋವಾಗ ಒಳಗೆ ಏನೂ ಇಡ್ಬೇಡಿ, ಪಾಸ್‌ಪೋರ್ಟ್, ಫೋನ್, ದುಡ್ಡು ಎಲ್ಲಾ ರೂಮಲ್ಲೇ ಬಿಟ್ಟು ಬನ್ನಿ, ಬಾಗಿಲಿಗೆ ಲಾಕ್ ಹಾಕ್ದೆ ಕಿಟಕಿ ಇಳಿಸಿ ಹೋಗೋದು ಅಲ್ಲಿನ ರೂಢಿ, ಹಾಕಿದ್ರೆ ಗಾಜು ಒಡೀತಾರೆ.

ಭಾರತದ ಪಾಸ್‌ಪೋರ್ಟ್ ಇದ್ರೆ ವೀಸಾ ವಿಷಯ ಈಗಲೇ ಡಚ್ ಕಾನ್ಸುಲೇಟ್‌ನಲ್ಲಿ ಕೇಳಿ, ಬೊನೇರ್ ಷೆಂಗೆನ್ (ಯುರೋಪಿನ ಒಂದೇ ವೀಸಾದ ವಲಯ) ಒಳಗೆ ಬರಲ್ಲ, ಕೆರಿಬಿಯನ್ ಭಾಗಕ್ಕೆ ನಿಯಮ ಬೇರೆ. ವಾಪಸ್ ಫ್ಲೈಟ್ ಹತ್ತೋಕೆ ಕನಿಷ್ಠ 18 ಗಂಟೆ ಮುಂಚೆ ಕೊನೇ ಡೈವ್ ಮುಗಿದಿರಬೇಕು, ವಾರ ಪೂರ್ತಿ ದಿನಾ ಡೈವ್ ಮಾಡಿದವರಿಗೆ ನಾನು 24 ಗಂಟೆ ಅಂತಾನೇ ಹೇಳ್ತೀನಿ. ಅಂದ್ರೆ ನಿಮ್ಮ ಏಳು ದಿನದಲ್ಲಿ ಡೈವ್‌ಗೆ ಸಿಗೋದು ಐದು, ಟಿಕೆಟ್ ಬುಕ್ ಮಾಡೋವಾಗಲೇ ಈ ಲೆಕ್ಕ ಹಾಕಿ, ಸಾಧ್ಯ ಆದ್ರೆ ಇನ್ನೆರಡು ದಿನ ಸೇರಿಸಿ.